ಕೌದಿ ಕಪಾಟಿನಿಂದ ಕಾಕಾ ಮಾತಾಡುತ್ತಾರೆ

ಮೊಬೈಲ್ ಫೋನುಗಳ ಬಗ್ಗೆ ಇಡೀ ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಾತಾಡಿಯೂ ಒಂದೇ ಒಂದು ಹೊಸ ಫೋನು ಕೊಳ್ಳದ ಮನುಷ್ಯ ಯಾರು ಎಂದು ಸ್ಪರ್ಧೆ ಇಟ್ಟರೆ, ಬಹುಮಾನ ತರಲು ನಾನೇ ಹೋಗುತ್ತೇನೆ. ನಮ್ಮ ಕಾಕಾಗೆ ಪುರುಸೊತ್ತು ಇರುವುದಿಲ್ಲ. ಭಾನುವಾರದ ಕಂತು ತಯಾರಾಗಬೇಕಲ್ಲ.

ಕಾಕಾ ಅಂದರೆ ಅಪ್ಪನ ತಮ್ಮ. ಮೂಲ ಕಲಬುರಗಿ ಕಡೆ. ಮದುವೆಯಾಗಿಲ್ಲ. ಔರಂಗಾಬಾದಿನ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ, ತಯಾರಾಗಿ ಬಂದ ಬಿಡಿಭಾಗಗಳಲ್ಲಿ ತಪ್ಪು ಹುಡುಕುವ ಕೆಲಸ. ಎಂಟು ಗಂಟೆ ಸಂಬಳಕ್ಕೆ ಹುಡುಕುತ್ತಾರೆ, ಉಳಿದ ಹದಿನಾರು ಗಂಟೆ ಪುಕ್ಕಟೆ. ಅವ್ವ ಹೋಳಿಗೆ ಮಾಡಿದರೆ ಹತ್ತರಲ್ಲಿ ಮೂರನ್ನು ಎತ್ತಿ, ಬೆಳಕಿಗೆ ಹಿಡಿದು, ಅಂಚು ಮುಟ್ಟಿ ನೋಡಿ, ಆಮೇಲೆ ಆ ಮೂರನ್ನೂ ತಿನ್ನುತ್ತಾರೆ. ಅದಕ್ಕೆ ಸ್ಯಾಂಪಲ್ ಎಂದು ಹೆಸರು.

ಕೆಲವು ವರ್ಷಗಳ ಹಿಂದೆ ಈ ವಿದ್ಯೆಯನ್ನೆಲ್ಲ ಅವರು ಪಾಡ್‌ಕಾಸ್ಟಿಗೆ ತಂದು ಸುರಿದರು. ಪಾಡ್‌ಕಾಸ್ಟ್ ಅಂದರೇನು ಎಂದು ಅವ್ವ ಕೇಳಿದಾಗ ನಾನು ಹೇಳಿದ್ದು ಇಷ್ಟು: ರೇಡಿಯೋದವರು ಒಳಗೆ ಬಿಟ್ಟುಕೊಳ್ಳದವರು ಮನೆಯಲ್ಲೇ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಏರಿಸುವ ಭಾಷಣ. ಹೊಸ ಫೋನು, ಮಿಕ್ಸರು, ಇನ್ವರ್ಟರು, ಪವರ್ ಬ್ಯಾಂಕು, ಎಲ್ಲದರ ಜಾತಕವೂ ಅಲ್ಲಿ, ಅದೂ ಕನ್ನಡದಲ್ಲಿ. ನಾಶಿಕದ ನಮ್ಮ ಮನೆಯಲ್ಲಿ ಕೂತು ಕನ್ನಡ ಯಾಕೆ ಎಂದು ಕೇಳಿದೆ.

"ಇಂಗ್ಲಿಷ್‌ದಾಗ ಹೇಳ್ಲಿಕ್ಕ ಸಾವಿರ ಮಂದಿ ಇದ್ದಾರ. ನಮ್ಮ ಮಂದಿಗಿ ಯಾರಿದ್ದಾರ?"

ನಮ್ಮ ಮಂದಿ ಅಂದರೆ ಒಟ್ಟು ಹದಿಮೂರು ಕೇಳುಗರು. ಅದರಲ್ಲಿ ಮೂವರು ನಾನೇ. ಮನೆಯ ಕಂಪ್ಯೂಟರು, ಅಪ್ಪನ ಫೋನು, ಅವ್ವನ ಫೋನು. ಇದನ್ನು ಕಾಕಾಗೆ ಇನ್ನೂ ಹೇಳಿಲ್ಲ.

ಹೊಸ ಫೋನು ಕೊಳ್ಳದೆ ಪರೀಕ್ಷೆ ಮಾಡುವುದು ಹೇಗೆ? ಪ್ರತಿ ಶನಿವಾರ ಔರಂಗಾಬಾದಿನಿಂದ ನಮ್ಮ ಮನೆಗೆ ಬಸ್ಸಿನಲ್ಲಿ ಬರುವಾಗ ಪಕ್ಕದವರ ಕೈಯಲ್ಲಿ ಒಳ್ಳೆ ಫೋನು ಕಂಡರೆ ಸಾಕು, ಇಸಿದುಕೊಂಡು ವರ್ನಿಯರ್ ಎಂಬ ಉಕ್ಕಿನ ಅಳತೆಗೋಲಿನಿಂದ ಅದರ ದಪ್ಪ ಅಳೆಯುತ್ತಾರೆ. ಒಮ್ಮೆ ನನ್ನನ್ನೂ ಎಳೆದುಕೊಂಡು ನಾಶಿಕದ ಒಂದು ಮೊಬೈಲ್ ಅಂಗಡಿಗೆ ಹೋದರು. ಮುಕ್ಕಾಲು ಗಂಟೆ ಅಳೆದದ್ದನ್ನು ನೋಡಿ ಮಾಲೀಕ ಕೇಳಿದ, "ಕಾಕಾ, ಘೇಣಾರ್ ಕಾ?" ತಗೊಳ್ತೀರಾ ಎಂದು.

"ನಾಹೀ. ಲೋಕಾಂನಾ ಸಾಂಗಣಾರ್," ಅಂದರು ಕಾಕಾ. ಇಲ್ಲ, ಜನರಿಗೆ ಹೇಳ್ತೀನಿ ಎಂದು.

ಮಾಲೀಕ ಎದ್ದು ಶಟರ್ ಅರ್ಧ ಎಳೆದ. ನಾವು ಬಗ್ಗಿ ಹೊರಗೆ ಬಂದೆವು. ಬಗ್ಗುವಾಗಲೂ ಕಾಕಾ ಅಂದರು, "ಶಟರ್‌ಗಿ ಎಣ್ಣಿ ಹಾಕಬೇಕು ನೋಡು."

ಕಾಕಾನ ಔರಂಗಾಬಾದಿನ ಕೋಣೆಯ ಕೆಳಗೆ ಹಿಟ್ಟಿನ ಗಿರಣಿ ಇದೆ. ಅಲ್ಲಿ ರೆಕಾರ್ಡ್ ಮಾಡಿದರೆ ಜೋಳದ ದನಿಯೇ ಜೋರು. ಹಾಗಾಗಿ ಸ್ಟುಡಿಯೋ ನಮ್ಮ ಮನೆಯ ಗೋಡೆ ಕಪಾಟು. ಊರಿನಿಂದ ಬಂದ ಕೌದಿಗಳ ನಡುವೆ ತಲೆ ಮತ್ತು ಮೈಕು ತೂರಿಸಿ ಕಾಕಾ ಮಾತಾಡುತ್ತಾರೆ. ಫ್ಯಾನ್ ಬಂದ್. ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಕುಕ್ಕರ್ ಸೀಟಿ ಹೊಡೆಯಕೂಡದು.

"ಬ್ಯಾಳಿ ಬೇಯಂಗಿಲ್ರಿ ಹಿಂಗಾದ್ರ," ಅನ್ನುತ್ತಾಳೆ ಅವ್ವ.

"ವೈನಿ, ಕೇಳೋರಿಗಿ ಬ್ಯಾಳಿ ಬೆಂದದ್ದು ಗೊತ್ತಾಗಬಾರ್ದು ನೋಡ್ರಿ," ಎಂದು ಅತ್ತಿಗೆಗೆ ಕಾಕಾನ ಉತ್ತರ.

ಮೂರು ವರ್ಷ, ಒಂದು ಭಾನುವಾರವೂ ತಪ್ಪಲಿಲ್ಲ. ನಾವೂ ಮೂರು ವರ್ಷ ಗಟ್ಟಿ ಬೇಳೆಯ ಸಾರು ಉಂಡೆವು. ಈ ದನಿ ಒಂದು ದಿನ ನಿಂತರೆ ಎಷ್ಟು ಚೆನ್ನ ಎಂದು ನಾನು ಎಷ್ಟು ಸಲ ಬೇಡಿಕೊಂಡೆನೋ ಲೆಕ್ಕವಿಲ್ಲ. ದೇವರು ನಿಧಾನ, ಆದರೆ ಫೈಲು ಕಳೆಯುವುದಿಲ್ಲ.

ನಾನು ಒಂಬತ್ತನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಕಾಕಾನ ದನಿ ಒಡೆಯತೊಡಗಿತು. ಮೊದಲು ನೆಗಡಿ ಅಂದುಕೊಂಡರು. ಆಮೇಲೆ ಗಂಟಲಲ್ಲಿ ಗಂಟು ಎಂದು ತಿಳಿಯಿತು. ನಾಶಿಕದಲ್ಲೇ ಆಪರೇಷನ್ ಆಯಿತು. ಡಾಕ್ಟರು ಬೆರಳು ಎಣಿಸಿ ಹೇಳಿದರು: ಒಂದು ತಿಂಗಳು ಪೂರ್ತಿ ಮೌನ, ಪಿಸುಮಾತೂ ಕೂಡದು. ಆಮೇಲೆ ದಿನಕ್ಕೆ ಹತ್ತೇ ನಿಮಿಷ. ಮೀರಿದರೆ ದನಿ ಮರಳಿ ಬರುತ್ತದೆಂದು ಭರವಸೆ ಇಲ್ಲ.

ಕಾಕಾ ಚೀಟಿ ಕೇಳಿ ಇಸಿದುಕೊಂಡು ಭಾನುವಾರದ ಕಂತಿನ ಬಗ್ಗೆ ಬರೆದರು: "ಐತವಾರದ್ದು ಹ್ಯಾಂಗ?"

ಆ ಹೊತ್ತಿಗೆ ಕೋಣೆಯಲ್ಲಿ ಅವ್ವ ಇದ್ದಳು, ಇಬ್ಬರು ನರ್ಸುಗಳೂ ಇದ್ದರು. ನಾಲ್ಕು ಜನ ಸೇರಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ನಾ ಮಾಡ್ತೀನಿ ಕಾಕಾ, ಅದೇನು ದೊಡ್ಡದು," ಅಂದುಬಿಟ್ಟೆ.

ಕಾಕಾ ಕಾರ್ಖಾನೆಗೆ ರಜೆ ಹಾಕಿ ನಮ್ಮ ಮನೆಯಲ್ಲೇ ಉಳಿದರು. ಹೀಗೆ ನನ್ನ ರಜೆ ಕಪಾಟಿನೊಳಗೆ ಹೋಯಿತು. ಮಧ್ಯಾಹ್ನ ಪೂರ್ತಿ ಕಾಕಾ ಬರೆದ ಹಾಳೆಗಳನ್ನು ಓದಿ ಅಭ್ಯಾಸ. ಗೆಳೆಯರು ಕ್ರಿಕೆಟ್ಟಿಗೆ ಕೂಗಿ ಕೂಗಿ ಸುಮ್ಮನಾದರು. ನನಗೆ ಕನ್ನಡ ಅರ್ಥವಾಗುತ್ತದೆ. ಮಾತಾಡಲು ಹೋದರೆ ಮೂರನೇ ಮಾತಿಗೆ ಮರಾಠಿ ಬಂದು ಕೂತುಕೊಳ್ಳುತ್ತದೆ. ನಾನು ಓದುವಾಗ ಕಾಕಾ ಪಕ್ಕದಲ್ಲಿ ನಿಂತು ಬೆವರುತ್ತ ಚೀಟಿ ತೋರಿಸುತ್ತಿದ್ದರು. "ಸಾವಕಾಶ." "ಮತ್ತೊಮ್ಮೆ." "ಬ್ಯಾಟರಿ ಬಗ್ಗೆ ನಗಬ್ಯಾಡ." ಬಾಯಿ ಮುಚ್ಚಿದ ಕಾಕಾ ಬಾಯಿ ತೆರೆದ ಕಾಕಾನಿಗಿಂತ ಹೆಚ್ಚು ಮಾತಾಡುತ್ತಾರೆಂದು ನನಗೇನು ಗೊತ್ತಿತ್ತು?

ಎರಡನೇ ವಾರಕ್ಕೆ ಸಟಾಣಾ ಊರಿನ ಕೇಳುಗರೊಬ್ಬರು, ಬ್ಯಾಂಕ್ ಮ್ಯಾನೇಜರು, ಬರೆದರು: "ಹೊಸ ಹುಡುಗನ ಕನ್ನಡ ಬಾಡಿಗೆಗೆ ತಂದಂತಿದೆ. ಹಳಬರು ಯಾವಾಗ ಬರುತ್ತಾರೆ?" ನಾನು ಸಿಟ್ಟಿನಿಂದ ಕಾಕಾಗೆ ತೋರಿಸಿದೆ. ಅವರು ಕೊನೆಯ ಸಾಲನ್ನು ಬಹಳ ಹೊತ್ತು ನೋಡಿದರು.

ದಿನಕ್ಕೆ ಮೂರು ಸಲ ಗಂಟಲಿಗೆ ಹಬೆ. ಅದಕ್ಕೊಂದು ಕರೆಂಟಿನ ಸ್ಟೀಮರು ತಂದರು. ಅದರ ವೈರು ಒಂದು ಮೊಳ ಉದ್ದ, ಅಷ್ಟೇ. ಕಾಕಾ ನೆಲದ ಮೇಲೆ ಗೋಡೆಗೆ ಒತ್ತಿ ಕೂತು ಟವೆಲ್ ಹೊದ್ದರೆ, ಆ ಯಂತ್ರ ಉರುಳದಂತೆ ನಾನು ಹಿಡಿದಿರಬೇಕು. ಹದಿನೈದು ನಿಮಿಷ, ಮೂರು ಹೊತ್ತು, ಮೇ ತಿಂಗಳಲ್ಲಿ. ಯಾರು ಬೇಯುತ್ತಿದ್ದಾರೆಂದು ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. ಅವರ ಔರಂಗಾಬಾದಿನ ಕೋಣೆಯಲ್ಲಾಗಿದ್ದರೆ ಯಾರು ಹಿಡಿಯುತ್ತಿದ್ದರು ಎಂದು ಒಂದು ಸಲ ಯೋಚನೆ ಬಂತು. ಸೆಖೆಯಲ್ಲಿ ಇಂಥವೆಲ್ಲ ಬರುತ್ತವೆ.

ತಿಂಗಳು ಕಳೆಯಿತು. ಡಾಕ್ಟರು ಗಂಟಲಲ್ಲಿ ಬೆಳಕು ಬಿಟ್ಟು ನೋಡಿ, ಸರಿ, ದಿನಕ್ಕೆ ಹತ್ತು ನಿಮಿಷ ಅಂದರು. ಅದು ಶನಿವಾರ. ಆ ದಿನದ ಹತ್ತು ನಿಮಿಷವನ್ನು ಕಾಕಾ ಬಳಸಲೇ ಇಲ್ಲ. ಬರುವುದೋ ಇಲ್ಲವೋ ಎಂಬ ಹೆದರಿಕೆ ಎಂದು ಅವ್ವ ಅಂದಳು.

ಭಾನುವಾರ ಹತ್ತಕ್ಕೆ ಕಪಾಟಿನ ಬಾಗಿಲು ತೆಗೆದೆವು. ಕಾಕಾ ಮೈಕಿನ ಮುಂದೆ, ನಾನು ಗಡಿಯಾರ ಹಿಡಿದು ಪಕ್ಕದಲ್ಲಿ. ಮೈಕನ್ನು ಒಮ್ಮೆ ಸರಿಪಡಿಸಿ, "ನಮಸ್ಕಾರ್ರಿ," ಅಂದರು. ದನಿ ತೆಳ್ಳಗಿತ್ತು, ಉಜ್ಜಿದಂತಿತ್ತು, ಆದರೆ ಅವರದೇ. ಅಡುಗೆಮನೆಯಲ್ಲಿ ಅವ್ವ ಕುಕ್ಕರಿನ ಕೆಳಗಿನ ಉರಿ ತಾನಾಗಿ ಆರಿಸಿದಳು.

ಆ ದಿನದ ವಿಷಯ ಆ ಸ್ಟೀಮರೇ. ಕಾಕಾ ಅದರ ಮುಚ್ಚಳ ಹೊಗಳಿದರು, ನೀರಿನ ಗೆರೆ ಬೈದರು. ಮೂರು ವರ್ಷ ಯಾವ ಗಡಿಯಾರ ನೋಡಿ ಯಾವಾಗ ಮುಗಿಯುತ್ತದೋ ಅನ್ನುತ್ತಿದ್ದೆನೋ, ಅದೇ ಗಡಿಯಾರ ಆವತ್ತು ಓಡಿತು. "ಇದರಾಗ ಇನ್ನೊಂದು ದೊಡ್ಡ ದೋಷ ಅದ. ಅದು ಏನಂದ್ರ..." ಅನ್ನುವಷ್ಟರಲ್ಲಿ ಹತ್ತು ನಿಮಿಷ. ನಾನು ಕೈ ಎತ್ತಿದೆ. ಕಾಕಾ ಅಲ್ಲೇ ನಿಲ್ಲಿಸಿ, ಮೈಕನ್ನೂ ಹಾಳೆಯನ್ನೂ ನನ್ನ ಕಡೆ ತಳ್ಳಿದರು.

ಹಾಳೆಯ ನಡುವೆ ಗೆರೆ. ಎಡಕ್ಕೆ ಗುಣ, ಬಲಕ್ಕೆ ದೋಷ. ನಾನು ಬಲಗಡೆಯದನ್ನು ಓದಿದೆ: "ವೈರ್ ಭಾಳ ಸಣ್ಣದು ಅದ. ಮತ್ತ... ಒಬ್ಬರೇ ತಗೊಳ್ಳಿಕ್ಕ ಆಗಂಗಿಲ್ಲ. ಹಿಡಿಲಿಕ್ಕ ಇನ್ನೊಬ್ಬರು ಬೇಕಾಗ್ತಾರ."

ಕಾಕಾ ಕೈ ಅಡ್ಡ ಹಿಡಿದರು. ನನ್ನ ಜೇಬಿನ ಪೆನ್ನು ತೆಗೆದು ಆ ಕೊನೆಯ ಸಾಲನ್ನು ಹೊಡೆದುಹಾಕಿದರು. ಅದನ್ನೇ, ಒಂದಕ್ಷರ ಬದಲಿಸದೆ, ಎಡಗಡೆ ಬರೆದರು. ಬರೆದು, ಓದು ಎಂದು ಸನ್ನೆ ಮಾಡಿದರು.

ಓದಿದೆ. ನಡುವೆ ಒಂದು ಸಲ ಮರಾಠಿ ಬಂದು ಕೂತುಕೊಂಡಿತು. ಅದನ್ನು ನಾವು ಕತ್ತರಿಸಲಿಲ್ಲ, ಹಾಗೆಯೇ ಬಿಟ್ಟೆವು.