ದಾಸ್ತಾನು ಪುಸ್ತಕದಲ್ಲಿ ನರಸಮ್ಮನ ಕಾಲುಗಳು

೧೯೫೯ನೆಯ ಇಸವಿಯಲ್ಲಿ ಮಧುಗಿರಿಯ ನರಸಮ್ಮನ ಎರಡು ಕಾಲುಗಳು ಸರ್ಕಾರದ ಸ್ವತ್ತಾದವು. ಇದರಲ್ಲಿ ಬಲವಂತವೇನೂ ನಡೆಯಲಿಲ್ಲ.

ಎಳೆಮಕ್ಕಳಿಗೆ ಇಸಬು ಬಾರದಂತೆ ತಡೆಯಲು ಆ ವರ್ಷ ಊರಿನಲ್ಲಿ ಶಿಶು ಚರ್ಮ ಸಂರಕ್ಷಣಾ ಕಚೇರಿ ತೆರೆಯಿತು. ಸುತ್ತೋಲೆ ಸ್ಪಷ್ಟವಾಗಿತ್ತು: ಕೂಸಿಗೆ ದಿನಕ್ಕೆ ಎರಡು ಸಲ ಸಾಬೂನು, ಮೂರು ಸಲ ಪೌಡರು. ಅಷ್ಟಾದ ಮೇಲೂ ಇಸಬು ಕಾಣಿಸಿದರೆ ಸಾಬೂನು ಸಾಲದೆಂದು ತಿಳಿದು ಇಮ್ಮಡಿ ಮಾಡತಕ್ಕದ್ದು.

ಕೂಸುಗಳಿಗೆ ನೀರೆರೆಯುವುದರಲ್ಲಿ ಹೆಸರಾಗಿದ್ದ ನರಸಮ್ಮನನ್ನು ಕೆಲಸಕ್ಕೆ ತೆಗೆದುಕೊಂಡರು. ಗುಮಾಸ್ತೆ ಸಿದ್ದಗಂಗಯ್ಯನವರು ಫಾರಂ ತುಂಬಲು ಕುಳಿತರು.

"ಸ್ನಾನದ ತೊಟ್ಟಿ ಎಷ್ಟಿದೆಯಮ್ಮ?"

"ತೊಟ್ಟಿ ಯಾಕೆ ಸ್ವಾಮಿ? ಕಾಲು ನೀಡ್ಕಂಡು ಕುಂತು, ಮ್ಯಾಲೆ ಕೂಸ್ನ ಮಲಗಿಸ್ಕಂಡು ಎರೀತೀನಿ. ನನ್ ಕಾಲೇ ತೊಟ್ಟಿ."

"ಕಾಲು ಎಷ್ಟಿವೆ?"

"ಎಣಿಸ್ಕಳಿ."

ಎಣಿಸಿ, "ಶಿಶು ಸ್ನಾನದ ತೊಟ್ಟಿ, ಕಾಲು ಮಾದರಿ, ಎರಡು" ಎಂದು ದಾಸ್ತಾನು ಪುಸ್ತಕಕ್ಕೆ ಏರಿಸಿದರು. ಮೊಣಕಾಲ ಕೆಳಗೆ ಬಿಳಿ ಬಣ್ಣದಲ್ಲಿ ನಂಬರು ಬಿತ್ತು. ನೀರಿಗೆ ಅಳಿಸುತ್ತಿದ್ದುದರಿಂದ ಅದನ್ನು ಪ್ರತಿ ಸೋಮವಾರ ಹೊಸದಾಗಿ ಬರೆಯಲಾಗುತ್ತಿತ್ತು.

ಕಚೇರಿ ಕೊಟ್ಟ ಸಾಬೂನಿನಲ್ಲಿ ನರಸಮ್ಮ ತನ್ನ ಸೀರೆ ಒಗೆದುಕೊಂಡು, ಕೂಸುಗಳಿಗೆ ಬೆಚ್ಚನೆಯ ನೀರನ್ನಷ್ಟೇ ಎರೆಯುತ್ತಿದ್ದಳು. ಆರು ತಿಂಗಳಲ್ಲಿ ಒಂದು ಕೂಸಿಗೂ ಇಸಬು ಬರಲಿಲ್ಲ. ಇದು ಸಾಬೂನಿನ ಗುಣವೆಂದು ಕಚೇರಿ ವರದಿ ಮಾಡಿ, ಸುತ್ತೋಲೆಯನ್ನು ಕೊರಟಗೆರೆ ತಾಲ್ಲೂಕಿಗೂ ಹಂಚಿತು.

ಒಂದು ದಿನ ಆ ತಾಲ್ಲೂಕಿನ ಹೊಳವನಹಳ್ಳಿಯಿಂದ ನರಸಮ್ಮನ ಅಳಿಯ ಚಿಕ್ಕನರಸಯ್ಯ ಓಡಿಬಂದ. ಅವನ ಹೆಂಡತಿ ಓಬಳಮ್ಮ ಓದಿದವಳು. ಸುತ್ತೋಲೆಯನ್ನು ಗೋಡೆಗೆ ಅಂಟಿಸಿಕೊಂಡು ನಾಲ್ಕು ತಿಂಗಳ ಕೂಸನ್ನು ಅದರಂತೆಯೇ ಉಜ್ಜುತ್ತಿದ್ದಳು. ಎರಡು ಸಲ ನಾಲ್ಕಾಗಿ, ನಾಲ್ಕು ಎಂಟಾಗಿತ್ತು.

"ಮೈಯೆಲ್ಲ ಕೆಂಪಗೆ ಬಿರಿದೋಗೈತೆ ಕಣತ್ತೆ. ಕೆರ್ಕಂಡು ಕೆರ್ಕಂಡು ನಿದ್ದೇನೆ ಮಾಡಲ್ಲ. ನಾಳಿಂದ ಹದಿನಾರು ಸಲ ಅಂತಾಳೆ ನಿನ್ ಮಗಳು."

"ಹಂಗುಜ್ಜಕ್ಕೆ ಅದೇನಪ್ಪ ಕೂಸಾ, ಮಸಿ ಹಿಡಿದ ತಪ್ಪಲೆನಾ? ನಡಿ, ನಾನೇ ಬತ್ತೀನಿ."

ಅಧಿಕಾರಿಗಳು ಕೂಡಲೇ ರಜೆ ಮಂಜೂರು ಮಾಡಿದರು. ಸಿದ್ದಗಂಗಯ್ಯನವರು ಮಾತ್ರ ನಿಯಮ ತೋರಿಸಿದರು: ಕಚೇರಿಯ ಸಾಮಾನು ತಾಲ್ಲೂಕು ದಾಟುವಂತಿಲ್ಲ.

"ನೀವು ಹೋಗಬಹುದಮ್ಮ. ಕಾಲು ಇಲ್ಲಿರಲಿ."

"ಮತ್ತೆ ಹೆಂಗೆ ಹೋಗ್ಲಿ?"

"ಬಸ್ಸಿದೆಯಲ್ಲ."

ನರಸಮ್ಮ ಕಚೇರಿಯ ಬಾಗಿಲಲ್ಲೇ ಕಾಲು ನೀಡಿ ಕುಳಿತಳು. ಸ್ವತ್ತು ಕಚೇರಿಯಲ್ಲೇ ಇದ್ದುದರಿಂದ ಯಾರೂ ಆಕ್ಷೇಪಿಸಲಿಲ್ಲ. ಒಳಗೆ ಹೊರಗೆ ಓಡಾಡುತ್ತ ಆ ಕಾಲುಗಳನ್ನು ಮೂರನೆಯ ಸಲ ಎಡವಿದಾಗ ಅಧಿಕಾರಿಗಳಿಗೆ ದಾರಿ ಹೊಳೆಯಿತು. ಅವಳ ಒಡೆದ ಹಿಮ್ಮಡಿಗಳನ್ನು ಖುದ್ದು ಪರೀಕ್ಷಿಸಿ, "ಎರಡೂ ತೊಟ್ಟಿ ಬಿರುಕು ಬಿಟ್ಟಿವೆ, ದುರಸ್ತಿಗೆ ಅಯೋಗ್ಯ" ಎಂದು ಷರಾ ಬರೆದರು. ಅಂಥ ಸಾಮಾನನ್ನು ಹರಾಜು ಹಾಕಲೇಬೇಕು. ಮಧ್ಯಾಹ್ನವೇ ತಮಟೆ ಹೊಡೆಸಿ ಸಾರಿದರು: "ಇದ್ದದ್ದು ಇದ್ದಂತೆ ಎರಡು ತೊಟ್ಟಿಗಳು. ಕೊಂಡವರು ಇಂದೇ ಸಾಗಿಸತಕ್ಕದ್ದು."

ಸಂತೆಗೆ ಬಂದಿದ್ದ ಸಿರಾದ ಗುಜರಿ ವ್ಯಾಪಾರಿ ಕಲಂದರ್ ಸಾಹೇಬರು ಬಂದು, ಬಗ್ಗಿ ನೋಡಿದರು.

"ತಗಡಿಲ್ಲ, ಹಿತ್ತಾಳೆ ಇಲ್ಲ. ನಮ್ಗೆ ಬ್ಯಾಡ ಸಾಬ್. ಆದ್ರೆ ಜೋಡಿ ಒಡೀಬ್ಯಾಡಿ, ಯಾರಿಗಾದ್ರೂ ಒಟ್ಟಿಗೇ ಕೊಡಿ."

ಚಿಕ್ಕನರಸಯ್ಯ ಎಂಟಾಣೆ ಕೂಗಿದ. ಅದಕ್ಕಿಂತ ಮೇಲೆ ಯಾರೂ ಹೋಗಲಿಲ್ಲ.

"ಅತ್ತೇನೂ ಕರ್ಕಂಡೋಗ್ಲಾ ಸ್ವಾಮಿ?"

"ಅವರಿಗೆ ರಜೆಯಿದೆಯಲ್ಲ," ಎಂದರು ಸಿದ್ದಗಂಗಯ್ಯನವರು.

ಹೊಳವನಹಳ್ಳಿಯಲ್ಲಿ ನರಸಮ್ಮ ಮೊದಲು ಸಾಬೂನು ಬಚ್ಚಿಟ್ಟಳು, ಆಮೇಲೆ ಮಗಳನ್ನು ಬೈದಳು. ಕೂಸಿಗೆ ದಿನಕ್ಕೊಮ್ಮೆ ಬೆಚ್ಚನೆಯ ನೀರು, ತುಸು ಎಣ್ಣೆ, ಅಷ್ಟೆ. ಹದಿನೈದು ದಿನದಲ್ಲಿ ಕೂಸು ಕೆರೆದುಕೊಳ್ಳುವುದನ್ನು ಬಿಟ್ಟು ನಿದ್ದೆಹೋಯಿತು. ಹದಿನಾರು ಸಲ ಸಾಬೂನು ಹಚ್ಚಿದ್ದರಿಂದ ಗುಣವಾಯಿತೆಂದು ಕಚೇರಿ ಬರೆದುಕೊಂಡಿತು.

ರಜೆ ಮುಗಿಸಿ ನರಸಮ್ಮ ಕೆಲಸಕ್ಕೆ ಮರಳಿದಳು. ಕಾಲುಗಳು ಅಳಿಯನ ಸ್ವತ್ತಾದ್ದರಿಂದ ಕಚೇರಿ ಅವನ್ನು ಬಾಡಿಗೆಗೆ ಪಡೆದಿದೆ. ಬಾಡಿಗೆ ಪ್ರತಿ ತಿಂಗಳ ಐದನೆಯ ತಾರೀಖು ಹೊಳವನಹಳ್ಳಿಗೆ ಮನಿಯಾರ್ಡರಿನಲ್ಲಿ ತಲುಪುತ್ತದೆ.