ಬಾಣಂತಿ ಕೋಣೆಗೆ ಸುಣ್ಣದ ಗೆರೆ

ನನ್ನ ಮಗಳು ಸವಿತಳಿಗೆ ಹಾಲು ಕಡಿಮೆ ಇರಲಿಲ್ಲ. ಕೋಣೆಯಲ್ಲಿ ಜನ ಜಾಸ್ತಿ ಇದ್ದರು. ಆ ಜನರಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ನಾನು. ನಡೆದದ್ದು ಇಷ್ಟೇ. ಆದರೆ ಇಷ್ಟಕ್ಕೇ ಸುಮ್ಮನಾಗುವ ಬಾಯಿ ನನ್ನದಲ್ಲ.

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸು ಹುಟ್ಟಿ ಎಂಟು ದಿನವಾದರೂ ನೆಟ್ಟಗೆ ಹಾಲು ಕುಡಿಯಲಿಲ್ಲ. ಎರಡು ಸಲ ಚೀಪುವುದು, ಬಿಟ್ಟು ಅರಚುವುದು. ಆಸ್ಪತ್ರೆಯಲ್ಲಿ ತೂಕ ಹಾಕಿ, "ಇಳಿದಿದೆ. ಮೂರು ದಿನ ಬಿಟ್ಟು ತೋರಿಸಿ. ಹೀಗೇ ಇದ್ರೆ ಅಡ್ಮಿಟ್ ಮಾಡ್ಬೇಕಾಗುತ್ತೆ" ಎಂದರು. ನಾನು ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಎಲ್ಲವನ್ನೂ ಮಗಳ ಹೊಟ್ಟೆಗೆ ತುರುಕಿದೆ. ಅವಳ ಮೈಯೆಲ್ಲ ಒಗ್ಗರಣೆ ವಾಸನೆ ಹೊಡೆಯಿತೇ ಹೊರತು ಕೂಸಿನ ಹೊಟ್ಟೆ ತುಂಬಲಿಲ್ಲ. ಪಕ್ಕದ ಮನೆಯ ರತ್ನಮ್ಮ ಮಂಚದ ಮೇಲೇ ಕೂತು, "ಅಯ್ಯೋ ಪಾಪಂ, ಎದೆ ಒಣಗೋಗೈತೆ ಕಣಕ್ಕ. ಡಬ್ಬಿ ಹಾಲು ತರ್ಸು" ಎಂದಳು. ಮಗಳು ಗೋಡೆ ಕಡೆ ತಿರುಗಿ ಅತ್ತಳು.

ಅತ್ತು ಮುಗಿದ ಮೇಲೆ ಅವಳೇ ಚಿಕ್ಕಬಳ್ಳಾಪುರಕ್ಕೆ ಫೋನು ಮಾಡಿ, ಹಾಲುಣಿಸುವುದನ್ನು ಹೇಳಿಕೊಡುವ ನರ್ಸಮ್ಮನನ್ನು ಕರೆಸಿದಳು. ನನಗೆ ಉರಿಯಿತು. "ಹಾಲು ಕುಡ್ಸಕ್ಕೂ ಟ್ಯೂಷನ್ನೇನೇ? ನಾಲ್ಕು ಹೆತ್ತಿದೀನಿ ನಾನು!"

"ಹೆಂಗೆ ಕುಡ್ಸಿದೆ, ಹೇಳಮ್ಮ ಮತ್ತೆ."

ಯೋಚಿಸಿದೆ. ಒಂದೂ ನೆನಪಿಗೆ ಬರಲಿಲ್ಲ.

ಮಾರನೆಯ ದಿನ ನರ್ಸಮ್ಮ ಸ್ಕೂಟರಿನಲ್ಲಿ ಬಂದಳು. ಅಂಗಳದಲ್ಲಿ ನಮ್ಮ ರೇಷ್ಮೆ ಹುಳು ಮನೆ ಕಂಡು, "ಅಜ್ಜಿ, ಒಂದ್ಸಲ ಹುಳು ನೋಡ್ಲಾ?" ಎಂದಳು.

"ಏಯ್, ಬೇಡಮ್ಮ! ಹೊರಗಿನೋರು ಹೋಗಂಗಿಲ್ಲ. ಹೊಸ ಕಾಲು, ಹೊಸ ವಾಸ್ನೆ. ಹುಳು ಮೇಯೋದು ಬಿಡ್ತಾವೆ." ಬಾಗಿಲಿಗೆ ಅಡ್ಡ ಎಳೆದಿದ್ದ ಸುಣ್ಣದ ಪುಡಿಯ ಗೆರೆಯನ್ನೂ ತೋರಿಸಿದೆ.

ಅವಳು ಕೋಣೆಗೆ ಬಂದು ಮಂಚದ ಸುತ್ತ ಕಣ್ಣಾಡಿಸಿದಳು. ನಾನು ಸೇರಿ ಆರು ಜನ. "ಅಲ್ಲಜ್ಜಿ, ಹುಳಕ್ಕಿರೋ ಮರ್ಯಾದೆ ಮಗಳಿಗಿಲ್ವಾ?"

ಸವಿತ ಹೆರಿಗೆಯಾದ ಮೇಲೆ ಮೊದಲ ಸಲ ನಕ್ಕಳು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ. ಎಲ್ಲರನ್ನೂ ಎಬ್ಬಿಸಿ ಕಳಿಸಿ, ನಾನು ಮಾತ್ರ ಬಾಗಿಲ ಸಂದಿಯಲ್ಲಿ ನಿಂತೆ. ನಿಂತದ್ದಕ್ಕೆ ಇನ್ನೊಂದು ತಪ್ಪೂ ತಿಳಿಯಿತು. ಬಂದವರಿಗೆ ಮುಖ ಕಾಣಲಿ ಎಂದು ಕೂಸನ್ನು ಅಂಗಾತ ಹಿಡಿಸುತ್ತಿದ್ದೆವು. ಪಾಪ, ಅದು ಕತ್ತು ತಿರುಚಿಕೊಂಡು ಚೀಪಬೇಕಿತ್ತು. ನರ್ಸಮ್ಮ ಅದರ ಹೊಟ್ಟೆ ತಾಯಿಯ ಹೊಟ್ಟೆಗೆ ಅಂಟುವಂತೆ ಪೂರ್ತಿ ತಿರುಗಿಸಿ, "ಬಾಯಿ ದೊಡ್ಡದಾಗಿ ತೆಗೀಲಿ... ಈಗ ಹತ್ರ ತಗೊಳ್ಳಿ" ಎಂದಳು. ಆಮೇಲೆ ಗುಟುಕು, ಗುಟುಕು ಸದ್ದು. ಹಸಿದ ಹುಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಅಷ್ಟು ಹಿತವಾದದ್ದನ್ನು ನನ್ನ ಕಿವಿ ಕೇಳಿಲ್ಲ.

ಮುಂದೆ ತೋರಿಸಲು ಹೋದಾಗ ತೂಕ ಏರಿತ್ತು, ಅಡ್ಮಿಟ್ಟಿನ ಮಾತೇ ಬರಲಿಲ್ಲ. ಆದರೆ ನಾನು ಹೇಳಬೇಕೆಂದದ್ದು ನರ್ಸಮ್ಮ ಬಂದುಹೋದ ಮಾರನೆಯ ಬೆಳಗಿನ ಸಂಗತಿ. ಎದ್ದವಳೇ ಬಾಣಂತಿ ಕೋಣೆಯ ಹೊಸಿಲಿಗೆ ಸುಣ್ಣದ ಗೆರೆ ಎಳೆದು ಕಾವಲು ಕೂತೆ. ರತ್ನಮ್ಮ ಮೆಂತ್ಯದ ಉಂಡೆ ಹಿಡಿದು ಬಂದಳು. "ಉಂಡೆ ಕೊಟ್ಟು ಹೋಗೇ, ಕೂಸು ಕುಡೀತೈತೆ" ಎಂದೆ. ಅವಳು ಮೂತಿ ತಿರುವಿಕೊಂಡು ಹೋದ ಮೇಲೆ, ಒಂದೇ ಒಂದು ಸಲ ನೋಡಿ ಬರೋಣವೆಂದು ನಾನು ಒಳಗೆ ಹೋದೆ. ಮಗಳು ಕೂಸನ್ನು ಅಲುಗಿಸದೆ ಒಂದು ಬೆರಳಲ್ಲಿ ಬಾಗಿಲು ತೋರಿಸಿದಳು.

ಹೊರಗೆ ಬಂದು ನೋಡಿದರೆ ಗೆರೆಯ ಮೇಲೆ ನನ್ನದೇ ಕಾಲಿನ ಗುರುತು. ರತ್ನಮ್ಮನ ಕಣ್ಣಿಗೆ ಬೀಳುವ ಮೊದಲೇ ಒರೆಸಿ, ಹೊಸದಾಗಿ ಸುಣ್ಣ ಹಾಕಿದೆ.