ದೊರೆ ಇಂದು ಲವಲವಿಕೆಯಿಂದ ಈಜಿದ

ದೊರೆ ತೀರಿಕೊಂಡ ಸಂಗತಿ ವರದಿ ಮೇಷ್ಟ್ರಿಗೆ ತಿಳಿದದ್ದು ಒಂದು ಬುಧವಾರ ಬೆಳಿಗ್ಗೆ, ಶಾಲೆಯ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ. ಹುಟ್ಟಿದ ಜೀವಕ್ಕೆ ಸಾವು ತಪ್ಪಿದ್ದಲ್ಲ. ಅದು ಮೇಲಿನವನ ಏರ್ಪಾಡು, ಅದರ ಬಗ್ಗೆ ಮೇಷ್ಟ್ರದೇನೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಹೊತ್ತಿನ ಬಗ್ಗೆ. ಯಾಕೆಂದರೆ ಅದೇ ದಿನ ನಸುಕಿನಲ್ಲಿ, ದೊರೆ ಲವಲವಿಕೆಯಿಂದ ಈಜಿದನೆಂದೂ, ಹಾಕಿದ ಕಾಳನ್ನೆಲ್ಲ ತಿಂದು ಇನ್ನೂ ಬೇಕೆಂದು ಬಾಯಿ ತೆರೆದನೆಂದೂ ಅವರು ಮೂರನೇ ತರಗತಿಯ ಅಷ್ಟೂ ಮಕ್ಕಳ ಮನೆಗಳಿಗೆ ಬರೆದು ಕಳಿಸಿಯಾಗಿತ್ತು.

ದೊರೆ ಎಂದರೆ ಆ ತರಗತಿಯ ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಬೋಗುಣಿಯಲ್ಲಿ ವಾಸವಾಗಿದ್ದ ಬಂಗಾರದ ಬಣ್ಣದ ಮೀನು. ಹೆಸರಿಟ್ಟವರು ಮಕ್ಕಳು. ಬೋಗುಣಿಯೊಳಗೆ ಅವನು ತಿರುಗುತ್ತಿದ್ದ ಗತ್ತು ನೋಡಿದವರು ಬೇರೆ ಹೆಸರಿಡುವಂತೆಯೇ ಇರಲಿಲ್ಲ.

ಇನ್ನು ಮೇಷ್ಟ್ರಿಗೆ ವರದಿ ಮೇಷ್ಟ್ರು ಎಂಬ ಹೆಸರು ಬಂದದ್ದಕ್ಕೂ ಕಾರಣವಿದೆ. ಪ್ರತಿದಿನ ಸಂಜೆ, ಗಂಟೆ ಹೊಡೆದ ಮೇಲೆ, ತರಗತಿಯಲ್ಲಿ ಆ ದಿನ ನಡೆದದ್ದನ್ನೆಲ್ಲ ಬರೆದು ಅವರು ಮನೆಯವರ ಫೋನಿಗೆ ಕಳಿಸುತ್ತಿದ್ದರು. ಯಾರು ನಕ್ಕರು, ಯಾರು ಹಲ್ಲು ಕಳೆದುಕೊಂಡರು, ಯಾರಿಗೆ ಭಾಗಾಕಾರ ಹತ್ತಿತು, ಎಲ್ಲವೂ ಅದರಲ್ಲಿ ಇರುತ್ತಿತ್ತು. ತಾಯಂದಿರು ಒಲೆಯ ಮುಂದೆ ನಿಂತು ಓದುತ್ತಿದ್ದರು. ಅಜ್ಜಿಯಂದಿರು ಓದಿಸಿ ಕೇಳುತ್ತಿದ್ದರು. "ವರದೀಲಿ ಬಂದಿದೆ" ಎಂದರೆ ಮುಗಿಯಿತು, ಅದು ಕಲ್ಲಿನ ಮೇಲೆ ಕೊರೆದ ಅಕ್ಷರ.

ಗುಟ್ಟೊಂದಿತ್ತು. ಸಂಜೆ ಹೋಗುವ ವರದಿಯನ್ನು ಮೇಷ್ಟ್ರು ಬರೆಯುತ್ತಿದ್ದದ್ದು ಬೆಳಗಿನ ಜಾವ, ಕಾಫಿ ಕುಡಿಯುತ್ತ, ದಿನ ಇನ್ನೂ ಶುರುವಾಗುವ ಮೊದಲೇ.

"ಇದು ಸುಳ್ಳಲ್ವೇನ್ರೀ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

"ಸುಳ್ಳು ಹೇಗಾಗುತ್ತೆ? ಬರೆದದ್ದನ್ನ ಸಂಜೆಯೊಳಗೆ ನಡೆಸಿ ತೋರಿಸ್ತೀನಲ್ಲ. ಅಡುಗೆಯವನು ಏನು ಮಾಡ್ಬೇಕು ಅಂತ ಮೊದಲೇ ಯೋಚಿಸಿಟ್ಕೊಳ್ಳಲ್ವಾ?"

"ಯೋಚಿಸ್ತಾನೆ. ಆದ್ರೆ ಒಲೆ ಹಚ್ಚೋಕೆ ಮುಂಚೆ 'ಊಟ ಚೆನ್ನಾಗಿತ್ತು' ಅಂತ ತೇಗಲ್ಲ."

ಮೇಷ್ಟ್ರು ನಕ್ಕು ಕಾಫಿ ಲೋಟ ಎತ್ತಿಕೊಂಡಿದ್ದರು. ಮೇಷ್ಟ್ರ ಮಾತಿನಲ್ಲಿ ಹುರುಳೂ ಇತ್ತು. ಮಕ್ಕಳು ಹಾಡಿದರೆಂದು ಬರೆದಿದ್ದರೆ ಗುಡುಗು ಹೊಡೆದರೂ ಅಂದು ಹಾಡಿಸಿಯೇ ಬಿಡುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ವರದಿಯ ಒಂದು ಸಾಲೂ ಹುಸಿಯಾಗಿರಲಿಲ್ಲ.

ಆ ವಾರ ಅದಕ್ಕೆ ಬೆಲೆ ಬರುವ ಕಾಲವೂ ಕೂಡಿ ಬಂದಿತ್ತು. ಇಡೀ ಶಾಲೆಯ ವರದಿಯನ್ನು ಒಬ್ಬರಿಗೇ ಒಪ್ಪಿಸುವುದೆಂದು ಹೆಡ್ ಮೇಡಂ ತೀರ್ಮಾನಿಸಿದ್ದರು. ಮೇಷ್ಟ್ರಿಗೋ ಡ್ರಾಯಿಂಗ್ ಮೇಷ್ಟ್ರಿಗೋ ಎಂಬುದು ಬುಧವಾರ ಸಂಜೆ ಗೊತ್ತಾಗಬೇಕಿತ್ತು. ಹಾಗಾಗಿ ಅಂದಿನ ವರದಿಯನ್ನು ಮೇಷ್ಟ್ರು ಕೈ ಬಿಚ್ಚಿ ಬರೆದರು. ದೊರೆಯ ಲವಲವಿಕೆ ಮೊದಲನೆಯದು. ಎಂದೂ ಬಾಯಿ ಬಿಡದ ಮೌನಗೌರಿ ಏಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿದಳು ಎಂಬುದು ಎರಡನೆಯದು. ಬಿರುಗಾಳಿ ಎಂಬ ಹುಡುಗ ಇಡೀ ದಿನ ಯಾರನ್ನೂ ತಳ್ಳಲಿಲ್ಲ; ಮಕ್ಕಳೆಲ್ಲ ಡಬ್ಬಿಯ ತರಕಾರಿಯನ್ನು ಒಂದು ಚೂರೂ ಬಿಡದೆ ತಿಂದರು. ಬರೆದು ಮುಗಿಸಿ, ತಮ್ಮ ಬರಹಕ್ಕೆ ತಾವೇ ತಲೆದೂಗುವಾಗ ಹೆಬ್ಬೆರಳು ಜಾರಿತು. ವರದಿ ಹೋಗಿಯೇ ಬಿಟ್ಟಿತು.

ಅಳಿಸೋಣವೆಂದರೆ ಆಗಲೇ ನಾಲ್ಕಾರು ಜನ ನೋಡಿಯಾಗಿತ್ತು. ಅಳಿಸಿದ ವರದಿಯೂ ಒಂದೇ, ಸುಳ್ಳು ವರದಿಯೂ ಒಂದೇ. "ಹೋಗಲಿ ಬಿಡು, ಯಾರಾದ್ರೂ ಕೇಳಿದ್ರೆ ಫೋನಿನ ಗಡಿಯಾರ ಕೆಟ್ಟಿದೆ ಅಂದ್ರಾಯ್ತು. ದಿನ ನಡೆಯೋದೊಂದು ಬಾಕಿ, ನಡೆಸಿದ್ರಾಯ್ತು" ಎಂದು ಮೇಷ್ಟ್ರು ಎದೆಯುಬ್ಬಿಸಿ ಶಾಲೆಗೆ ಬಂದರು. ಬಂದು ನೋಡಿದರೆ ದೊರೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದಾನೆ.

"ಅಯ್ಯೋ ಪಾಪ!" ಎಂದಳು ಪೊರಕೆ ಹಿಡಿದು ಬಂದ ಆಯಮ್ಮ. "ನೆಮ್ಮದಿಯಾಗಿ ಹೋಗಿದೆ ಬಿಡಿ ಸಾರ್, ಮುಖದಲ್ಲಿ ಕಳೆ ಹಾಗೇ ಇದೆ."

"ಆಯಮ್ಮ, ನೀನು ಏನೂ ನೋಡಿಲ್ಲ."

"ನೋಡಿದ್ನಲ್ಲ ಸಾರ್."

"ನೋಡಿಲ್ಲ!"

"ಆಯ್ತು, ನೋಡಿಲ್ಲ. ಕಳೆ ಮಾತ್ರ ಹಾಗೇ ಇದೆ."

ಮೇಷ್ಟ್ರು ದೊರೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗಿಟ್ಟರು. ಬೋಗುಣಿ ಎತ್ತಿಕೊಂಡು ರಸ್ತೆ ದಾಟಿ, ಎದುರಿನ ಕ್ಷೌರದ ಅಂಗಡಿಗೆ ನುಗ್ಗಿದರು. ಗಿರಾಕಿಗಳ ಮಕ್ಕಳು ಅಳದಿರಲೆಂದು ಕ್ಷೌರಿಕ ಅಲ್ಲೊಂದು ಮೀನಿನ ತೊಟ್ಟಿ ಇಟ್ಟಿದ್ದ.

"ಒಂದು ಮೀನು ಬೇಕಪ್ಪ, ಬಂಗಾರದ ಬಣ್ಣದ್ದು. ಬೇಗ!"

"ಮೇಷ್ಟ್ರೇ, ಇನ್ನೂ ಬೋಣಿ ಆಗಿಲ್ಲ. ಬೋಣಿ ಆಗ್ದೆ ಈ ಅಂಗಡಿಯಿಂದ ಕಸದ ಕೂದಲೂ ಆಚೆ ಹೋಗಲ್ಲ, ಇನ್ನು ಮೀನು ಹೋಗುತ್ತಾ? ಕೂತ್ಕೊಳ್ಳಿ. ಕಟಿಂಗ್ ಮಾಡಿಸ್ಕೊಂಡ್ರೆ ಮೀನು ನಿಮ್ದೇ."

"ಮಕ್ಕಳು ಬರೋ ಹೊತ್ತಾಯ್ತಪ್ಪ!"

"ನನ್ನ ಕತ್ತರಿ ನೋಡಿಲ್ಲ ನೀವು. ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗಿಯುತ್ತೆ."

ಕತ್ತರಿಯೇನೋ ಚುರುಕಾಗಿತ್ತು, ಆದರೆ ಕ್ಷೌರಿಕನ ನಾಲಗೆ ಅದಕ್ಕಿಂತ ಚುರುಕು. ತನ್ನ ಭಾವಮೈದುನನ ಮದುವೆಯ ಕತೆ ಹೇಳುತ್ತ ಹೇಳುತ್ತ ಅವನು ಎಡಗಡೆ ಮುಗಿಸುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಮೇಷ್ಟ್ರು ಕೊರಳಿಗೆ ಕಟ್ಟಿದ್ದ ಬಟ್ಟೆ ಕಿತ್ತೆಸೆದು, ಮೀನು ಹಾಕಿಸಿಕೊಂಡು ಓಡಿದರು. ತಲೆಯ ಎಡಭಾಗ ಕೊಯ್ಲು ಮುಗಿದ ಹೊಲ, ಬಲಭಾಗ ಗಾಳಿಗೆ ಸಿಕ್ಕ ಪೊದೆ. ಮೀನಿನ ಬೆನ್ನ ಮೇಲೊಂದು ಕಪ್ಪು ಮಚ್ಚೆಯಿದ್ದದ್ದು ಅವರಿಗೆ ಕಂಡದ್ದು ಬೋಗುಣಿಯನ್ನು ಕಿಟಕಿಯ ಬಳಿ ಇಟ್ಟ ಮೇಲೆ.

ಮಕ್ಕಳು ಒಳಗೆ ಬಂದರು. ದಿನವೂ ಒಡ್ಡು ಒಡೆದ ನೀರಿನಂತೆ ನುಗ್ಗುವವರು ಅಂದು ಒಬ್ಬರ ಹಿಂದೊಬ್ಬರು ಹೆಜ್ಜೆಯ ಸಪ್ಪಳವಿಲ್ಲದೆ ಬಂದು ಕುಳಿತರು. ಮೊದಲು ಬೋಗುಣಿ ನೋಡಿದರು, ಆಮೇಲೆ ಮೇಷ್ಟ್ರ ತಲೆ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನು ನೋಡ್ತಿದೀರಿ? ದೊರೆ ಹೇಗೆ ಈಜ್ತಿದಾನೆ ನೋಡಿ!"

"ಹೌದು ಸಾರ್" ಎಂದಿತು ತರಗತಿ ಒಂದೇ ಕಂಠದಲ್ಲಿ, ಜ್ವರ ಬಂದ ತಾತನಿಗೆ ಉತ್ತರ ಕೊಡುವ ಹಾಗೆ.

"ಬೆನ್ನ ಮೇಲೆ ಮಚ್ಚೆ ಬಂದಿದೆ. ವಯಸ್ಸಾದ್ರೆ ಬರುತ್ತೆ."

"ಹೌದು ಸಾರ್."

ಬಿರುಗಾಳಿ ಎದ್ದು ನಿಂತ. ಈಗ ಯಾರನ್ನೋ ತಳ್ಳುತ್ತಾನೆ ಎಂದು ಮೇಷ್ಟ್ರು ಉಸಿರು ಬಿಗಿಹಿಡಿದರು. ಅವನು ಕುರ್ಚಿಯನ್ನು ಅವರ ಹತ್ತಿರ ಎಳೆದು, "ನೀವು ಕೂತ್ಕೊಳ್ಳಿ ಸಾರ್. ನೀರು ತರ್ಲಾ?" ಎಂದ.

ಮೇಷ್ಟ್ರಿಗೆ ರೋಮಾಂಚನವಾಯಿತು. ಇದೇ ಹುರುಪಿನಲ್ಲಿ ಅವರು ಮೌನಗೌರಿಯತ್ತ ತಿರುಗಿದರು. "ಎಲ್ಲಿ ಮಗೂ, ಏಳರ ಮಗ್ಗಿ?" ಆ ಹುಡುಗಿ ಎಂದಾದರೂ ಗಟ್ಟಿಯಾಗಿ ಮಾಡಿದ ಸದ್ದೆಂದರೆ ಸೀನಿದ್ದು ಒಂದೇ. ಈಗ ಎದ್ದವಳೇ ಏಳರ ಮಗ್ಗಿಯನ್ನು ಗಂಟೆ ಬಾರಿಸಿದಂತೆ ಹೇಳಿದಳು. ನಿಲ್ಲಿಸೆಂದು ಯಾರೂ ಹೇಳದ್ದರಿಂದ ಎಂಟರದ್ದನ್ನೂ ಹೇಳಿದಳು. ಊಟದ ಹೊತ್ತಿಗೆ ಡಬ್ಬಿಗಳು ತೆರೆದವು. ಮಕ್ಕಳು ಕಣ್ಣು ಮುಚ್ಚಿ, ಮೂಗು ಹಿಡಿದು, ತರಕಾರಿಯನ್ನೆಲ್ಲ ನುಂಗಿದರು. ಒಬ್ಬನಿಗೆ ಕಣ್ಣೀರೇ ಬಂತು, ಆದರೂ ಬಿಡಲಿಲ್ಲ.

ಬರೆದದ್ದು ಬರೆದ ಹಾಗೆಯೇ ನಡೆಯುತ್ತಿತ್ತು. ಅಷ್ಟು ಬೆಳಿಗ್ಗೆ ವರದಿ ಬಂದದ್ದು ಹೇಗೆ ಎಂದು ಇಷ್ಟು ಹೊತ್ತಾದರೂ ಒಬ್ಬರೂ ಕೇಳಿರಲಿಲ್ಲ. "ಮಾತಿಗೆ ಬೆಲೆ ಬರೋದು ಅಂದ್ರೆ ಇದು" ಎಂದುಕೊಂಡರು ಮೇಷ್ಟ್ರು.

ಉಳಿದದ್ದು ಜೇಬಿನಲ್ಲಿದ್ದ ದೊರೆ. ಬಿಸಿಲೇರಿದಂತೆ ಅವನು ತನ್ನ ಇರವನ್ನು ಸುತ್ತಲಿನವರಿಗೂ ತಿಳಿಸತೊಡಗಿದ್ದ. ಮಕ್ಕಳು ಮುಂಬಾಗಿಲ ಬಳಿ ಕೈತೊಳೆಯಲು ಹೋದಾಗ ಮೇಷ್ಟ್ರು ಹಿತ್ತಲಿನ ನಲ್ಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಸ್ಕೇಲಿನಿಂದ ಮಣ್ಣು ಕೆದಕಿದರು.

"ಏನ್ ಮಾಡ್ತಿದೀರಿ ಮೇಷ್ಟ್ರೇ?"

ಹೆಡ್ ಮೇಡಂ! ಅವರ ಬೆನ್ನ ಹಿಂದೆ, ಕರೆಯದಿದ್ದರೂ ಎಲ್ಲ ಕಡೆಯೂ ಇರುವ ಡ್ರಾಯಿಂಗ್ ಮೇಷ್ಟ್ರು.

"ಗಿಡ ನೆಡ್ತಿದೀನಿ ಮೇಡಂ."

"ಕರವಸ್ತ್ರದಲ್ಲಿ ಸುತ್ತಿರೋ ಗಿಡಾನಾ?"

"ಎಳೇದು ಮೇಡಂ. ಶೀತ ತಡೆಯಲ್ಲ."

ಹೆಡ್ ಮೇಡಂ ಮೇಷ್ಟ್ರ ತಲೆಯನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. ಎಂದೂ ದನಿ ತಗ್ಗಿಸದವರು ಬಹಳ ಮೆತ್ತಗೆ, "ನೆಡಿ ಮೇಷ್ಟ್ರೇ, ನಿಧಾನವಾಗಿ ನೆಡಿ" ಎಂದು ಹೊರಟುಹೋದರು. ಡ್ರಾಯಿಂಗ್ ಮೇಷ್ಟ್ರು ಹೋಗುವ ಮುನ್ನ ಅವರ ಭುಜ ತಟ್ಟಿ, ಮೂಗು ಮುಚ್ಚಿಕೊಂಡರು.

ಸಂಜೆ ಗಂಟೆ ಹೊಡೆದಾಗ ಮೇಷ್ಟ್ರು ಯುದ್ಧ ಗೆದ್ದ ಸೇನಾಪತಿಯಂತೆ ಹೊರಗೆ ಬಂದರು. ಬಾಗಿಲಲ್ಲಿ ಎಂದಿಗಿಂತ ಹೆಚ್ಚು ಜನ. ಅಪ್ಪಂದಿರೂ ಬಂದಿದ್ದರು, ಎಲ್ಲರ ಮುಖದಲ್ಲೂ ಗಾಂಭೀರ್ಯ. "ಇಡೀ ಶಾಲೆಯ ವರದಿ ನನಗೇ ಬಂತು, ಅಭಿನಂದಿಸೋಕೆ ಸೇರಿದಾರೆ" ಎಂದು ಅವರು ಕೋಟು ಸರಿಪಡಿಸಿಕೊಂಡರು.

ಮೌನಗೌರಿಯ ಅಜ್ಜಿ ಗುಂಪಿನಿಂದ ಮುಂದೆ ಬಂದು ಅವರ ಎರಡೂ ಕೈ ಹಿಡಿದುಕೊಂಡಳು.

"ಸಮಾಧಾನ ಮಾಡ್ಕೊಳ್ಳಿ ಮೇಷ್ಟ್ರೇ. ಹೋದ ಜೀವ ಹೋಯ್ತು."

"ಯಾವ ಜೀವ ಅಜ್ಜಿ?"

"ನೋಡಿ, ಇನ್ನೂ ಒಪ್ಕೊಳ್ತಿಲ್ಲ" ಎಂದು ಅಜ್ಜಿ ಹಿಂದೆ ತಿರುಗಿ ಹೇಳಿದಳು. ಕೆಲವರು ಕಣ್ಣೊರೆಸಿಕೊಂಡರು. "ನಿನ್ನೆ ಸಂಜೆ ನೀವು ಹೆಡ್ ಮೇಡಂ ಹತ್ರ ಮಾತಾಡ್ತಿದ್ರಂತಲ್ಲ, ಆಗ್ಲೇ ಮಕ್ಕಳು ನೋಡಿದಾರೆ, ದೊರೆ ತೇಲ್ತಿದ್ದದ್ದನ್ನ. ನಿಮ್ಮ ಮುಂದೆ ಹೇಳೋಕೆ ಧೈರ್ಯ ಸಾಲ್ದೆ ಮನೆಗೆ ಬಂದು ಅತ್ರು. ಬೆಳಿಗ್ಗೆ ಎದ್ದು ನೋಡಿದ್ರೆ ನಿಮ್ಮ ವರದಿ! ಸತ್ತ ಮೀನು ಇವತ್ತು ಕಾಳು ತಿಂತು, ಬಾಯಿ ತೆರೀತು ಅಂತ. ಓದಿ ನಮ್ಮ ಕರುಳು ಕಿತ್ತು ಬಂತು. ದುಃಖ ತಲೆಗೇರಿದೆ ಅಂತ ಎಲ್ರಿಗೂ ಗೊತ್ತಾಯ್ತು. ಮನೆಮನೆಗೂ ಫೋನ್ ಮಾಡಿ ಮಕ್ಕಳಿಗೆ ಹೇಳಿಸ್ದೆ, 'ಇವತ್ತು ಮೇಷ್ಟ್ರು ಏನಂದ್ರೂ ಹೌದು ಅನ್ನಿ, ವರದೀಲಿ ಬರೆದ ಹಾಗೇ ನಡ್ಕೊಳ್ಳಿ, ಅವರ ಮನಸ್ಸಿಗೆ ನೋವಾಗ್ಬಾರ್ದು' ಅಂತ."

ಕುರ್ಚಿ, ನೀರು, ಎಂಟರ ಮಗ್ಗಿ, ಕಣ್ಣೀರಿಟ್ಟು ತಿಂದ ತರಕಾರಿ, ಎಲ್ಲವೂ ಮೇಷ್ಟ್ರಿಗೆ ಒಟ್ಟಿಗೆ ಅರ್ಥವಾಯಿತು.

"ಅಜ್ಜಿ, ಹಾಗಲ್ಲ, ನಾನು..."

"ಒಬ್ಬ ಅಂತೂ ಏನಂದ ಗೊತ್ತಾ?" ಅಜ್ಜಿ ಬಿರುಗಾಳಿಯ ಅಪ್ಪನತ್ತ ಕಣ್ಣು ಕೆಕ್ಕರಿಸಿದಳು. "'ಮೇಷ್ಟ್ರು ದಿನಾ ಬೆಳಿಗ್ಗೇನೇ ವರದಿ ಬರೆದಿಟ್ಕೊಳ್ತಾರೇನೋ, ಇವತ್ತು ಕೈ ತಪ್ಪಿ ಹೋಗಿರ್ಬೇಕು' ಅಂದ. ಚೆನ್ನಾಗಿ ಉಗಿದೆ. 'ಅಂಥಾ ಮೋಸ ಮಾಡೋ ಮನುಷ್ಯನೇನೋ ಅವ್ರು? ಹಾಗೆ ಮಾಡಿದ್ರೆ ಇಷ್ಟು ವರ್ಷ ನಾವು ಓದಿದ್ದೆಲ್ಲ ಸುಳ್ಳಾಗುತ್ತಲ್ಲೋ' ಅಂದೆ. ಹೇಳಿ ಮೇಷ್ಟ್ರೇ, ನೀವೇ ಹೇಳಿ ಇವನಿಗೆ!"

ಎಲ್ಲರೂ ಮೇಷ್ಟ್ರ ಬಾಯನ್ನೇ ನೋಡಿದರು. ತಲೆ ನೆಟ್ಟಗಿದೆ ಎಂದರೆ ವರದಿ ಸುಳ್ಳು. ವರದಿ ಸತ್ಯ ಎಂದರೆ ತಲೆ ಕೆಟ್ಟಿದೆ. ಮೇಷ್ಟ್ರು ಒಂದು ಕ್ಷಣ ಅತ್ತಿತ್ತ ತೂಗಿದರು. ಬಾಗಿಲ ಬಳಿ ಸಾಲಾಗಿ ನಿಂತ ಮಕ್ಕಳು ಕಂಡರು. ಬೆಳಗಿನಿಂದ ಒಂದು ತಂಟೆಯನ್ನೂ ಮಾಡದೆ ಅವರ ಮುಖವೆಲ್ಲ ಬಳಲಿತ್ತು.

"ಮನಸ್ಸು ತಡೀಲಿಲ್ಲ ಅಜ್ಜಿ" ಎಂದರು ಮೇಷ್ಟ್ರು. "ದುಃಖ ತಲೆಗೇರಿತ್ತು."

"ಕೇಳಿಸ್ಕೊಂಡ್ಯೇನೋ?" ಎಂದಳು ಅಜ್ಜಿ ಬಿರುಗಾಳಿಯ ಅಪ್ಪನಿಗೆ.

ಹೆಡ್ ಮೇಡಂ ಮುಂದೆ ಬಂದರು. "ಮೇಷ್ಟ್ರೇ, ಕೆಲವು ದಿನ ರಜೆ ತಗೊಳ್ಳಿ. ಚೆನ್ನಾಗಿ ನಿದ್ದೆ ಮಾಡಿ. ತಲೆಯ ಆ ಕಡೇನೂ ಕಟ್ ಮಾಡಿಸ್ಕೊಳ್ಳಿ. ನಿಮ್ಮ ಕ್ಲಾಸೂ, ಇಡೀ ಶಾಲೆಯ ವರದೀನೂ ಡ್ರಾಯಿಂಗ್ ಮೇಷ್ಟ್ರು ನೋಡ್ಕೊಳ್ತಾರೆ. ಮೊದಲನೇ ವರದಿ ಆಗ್ಲೇ ಹೋಗಿದೆ."

ಮೇಷ್ಟ್ರ ಫೋನು ಕಿಣಿಕಿಣಿ ಎಂದಿತು. ಅದರಲ್ಲಿ ಅಕ್ಷರ ಹೆಚ್ಚಿರಲಿಲ್ಲ. ನಲ್ಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅರ್ಧ ತಲೆಯ ಕೂದಲಷ್ಟೇ ಕತ್ತರಿಸಿಕೊಂಡು, ಸ್ಕೇಲಿನಿಂದ ಮಣ್ಣು ಕೆದಕುತ್ತಿರುವ ಒಬ್ಬ ಮನುಷ್ಯನ ಚಿತ್ರ ಇತ್ತು; ಕೆಳಗೆ 'ಇಂದು ನಮ್ಮ ಶಾಲೆಯಲ್ಲಿ' ಎಂದು ಬರೆದಿತ್ತು. ನಡೆದದ್ದು ನಡೆದಂತೆಯೇ ಇತ್ತು. ಒಂದು ಗೆರೆಯೂ ಸುಳ್ಳಲ್ಲ.

"ಬನ್ನಿ, ದೊರೆಗೆ ಎರಡು ಮಾತು ಹೇಳಿ ಕಳಿಸಿಕೊಡೋಣ" ಎಂದಳು ಅಜ್ಜಿ. ಎಲ್ಲರೂ ಹಿತ್ತಲಿಗೆ ಹೋಗಿ ಆ ಹಸಿಮಣ್ಣಿನ ಸುತ್ತ ನಿಂತರು. ಬಿರುಗಾಳಿ ಕೈ ಮುಗಿದ. ಮೌನಗೌರಿ ಕಣ್ಣು ಮುಚ್ಚಿದಳು. "ನೀವೇ ಹೇಳಿ ಮೇಷ್ಟ್ರೇ, ನಿಮ್ಮ ಬಾಯಿಂದ ಬರ್ಲಿ."

ಮೇಷ್ಟ್ರು ತಲೆ ತಗ್ಗಿಸಿದರು. ಬೆಳಗಿನಿಂದ ದೊರೆಯನ್ನು ಬದುಕಿಸುವ ಗಡಿಬಿಡಿಯಲ್ಲಿ ಅವನು ಸತ್ತನೆಂದು ಒಂದು ನಿಮಿಷ ನೊಂದುಕೊಳ್ಳಲೂ ಆಗಿರಲಿಲ್ಲ. ದಿನವೂ ಬೆಳಿಗ್ಗೆ ತಾವು ಬಾಗಿಲು ತೆಗೆದೊಡನೆ ಗಾಜಿನ ಹತ್ತಿರ ಬಂದು ನಿಲ್ಲುತ್ತಿದ್ದ ಆ ಪುಟ್ಟ ಬಾಯಿ ಈಗ ನೆನಪಾಯಿತು. ಮೊದಲೇ ಬರೆದಿಟ್ಟುಕೊಳ್ಳದೆ ಅವರು ಆಡಿದ ಆ ದಿನದ ಮಾತು ಇದೊಂದೇ:

"ದೇವರೇ, ಈ ಸಣ್ಣ ಜೀವ ನಮ್ಮ ಮಕ್ಕಳ ನಡುವೆ ಇದ್ದು ಯಾರಿಗೂ ನೋವು ಮಾಡದೆ ಹೋಯಿತು. ಗಾಜಿನ ಗೋಡೆಯಿಲ್ಲದ ನೀರಿನಲ್ಲಿ ಅದಕ್ಕೆ ಜಾಗ ಕೊಡು. ದೊರೆಗೆ ಶಾಂತಿ ಸಿಗಲಿ."